ಗಾಜನೂರಿನ 108 ದಿನ ಮತ್ತು ಕಲಂ 321: ನಾಯಕರು ಕೊಟ್ಟ ಮಾತು ಕೋರ್ಟಿನ ಬಾಗಿಲಲ್ಲಿ ನಿಂತ ಪ್ರಕರಣ

"ಸಾಹೇಬ್ರ, ಸರಕಾರದವ್ರು ಕೇಸ್ ವಾಪಸ್ ತಗೊಂಡೇವಿ ಅಂತ ಟೀವ್ಯಾಗ ಹೇಳ್ಯಾರಲ್ರಿ. ಮತ್ತ ನಮಗ್ಯಾಕ್ರಿ ಇನ್ನೂ ತಾರೀಖು?"

"ಅವ್ರು ಹೇಳಿದ್ರಷ್ಟ ಆಗೂದಿಲ್ಲಪಾ. ಪಿ.ಪಿ., ಅಂದ್ರ ಸರಕಾರಿ ವಕೀಲ್ರು, ಅರ್ಜಿ ಹಾಕಬೇಕು, ಜಜ್ ಸಾಹೇಬ್ರು ಒಪ್ಪಬೇಕು. ಅಲ್ಲೀತನಕ ನೀ ಬರಬೇಕ."

ಹುಬ್ಬಳ್ಳಿ ಕೋರ್ಟಿನ ಆವರಣದಲ್ಲಿ ಕಕ್ಷಿದಾರ ಮತ್ತು ವಕೀಲರ ನಡುವೆ ಇಂಥ ಮಾತು ಹೊಸದಲ್ಲ. ರೈತ ಹೋರಾಟದ ಕೇಸು, ಕನ್ನಡ ಹೋರಾಟದ ಕೇಸು, ಮಹದಾಯಿ ಚಳವಳಿಯ ಕೇಸು ಹೀಗೆ ವಾಪಸಾತಿಯ ಭರವಸೆ ಸಿಕ್ಕ ಕಡತಗಳು ಈ ಭಾಗದಲ್ಲಿ ಬಹಳ. ಆದರೆ 2024ರ ಅಕ್ಟೋಬರ್ 10ರಂದು ರಾಜ್ಯ ಸಚಿವ ಸಂಪುಟ ಹಿಂಪಡೆಯಲು ತೀರ್ಮಾನಿಸಿದ 43 ಪ್ರಕರಣಗಳ ಪಟ್ಟಿಯಲ್ಲಿ ಒಂದು ಬೇರೆ ತೂಕದ್ದಿತ್ತು. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಎದುರು ನಡೆದ ಗಲಭೆಯ ಪ್ರಕರಣ ಅದು. ಅದಕ್ಕೆ ಯು.ಎ.ಪಿ.ಎ., ಅಂದರೆ ಭಯೋತ್ಪಾದನೆ ತಡೆಯುವ ಕಾನೂನು, ಹಚ್ಚಲಾಗಿತ್ತು. 2025ರ ಮೇ 29ರಂದು ಹೈಕೋರ್ಟ್ ಆ ಸರ್ಕಾರಿ ಆದೇಶವನ್ನು ರದ್ದು ಮಾಡಿತು. ಇದು ಒಂದು ಪಕ್ಷದ ಚಾಳಿಯೂ ಅಲ್ಲ. 2020ರಲ್ಲಿ ಬೇರೆ ಪಕ್ಷದ ಸರ್ಕಾರ 61 ಪ್ರಕರಣಗಳನ್ನು ಹಿಂಪಡೆಯಲು ಹೊರಟಾಗಲೂ ಹೈಕೋರ್ಟ್ ತಡೆ ಹಿಡಿದಿತ್ತು.

ಸರ್ಕಾರವೇ ಹೂಡಿದ ಕೇಸನ್ನು ಸರ್ಕಾರವೇ ಯಾಕೆ ಬಿಡಲಾರದು? ಕೇಸು ವಾಪಸಾತಿಯ ನಿಯಮವಾದ ಕಲಂ 321ರಲ್ಲಿರುವ ಇದರ ಉತ್ತರ ತಿಳಿಯಲು ಓದಬೇಕಾದ ಪ್ರಕರಣ ಹುಬ್ಬಳ್ಳಿಯದ್ದಲ್ಲ, 2000ದ ಜುಲೈನಿಂದ ನವೆಂಬರ್‌ವರೆಗೆ ನಡೆದ ಡಾ. ರಾಜ್‌ಕುಮಾರ್ ಅಪಹರಣದ್ದು. ನಾಡಿನ ಮನಸ್ಸಿನಲ್ಲಿ ಅದು ಕಾಡು, ಕ್ಯಾಸೆಟ್ಟು, ಕಣ್ಣೀರಿನ ಕಥೆಯಾಗಿ ಉಳಿದಿದೆ. ನಾಯಕರು ಸಂಘರ್ಷ ಬಗೆಹರಿಸಲು ಹಿಡಿಯುವ ದಾರಿ ಭಯೋತ್ಪಾದನೆ ವಿರುದ್ಧದ ನೀತಿಯನ್ನು ಹೇಗೆ ತಿದ್ದುತ್ತದೆ, ಎಲ್ಲಿ ಕೆಡಿಸುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಪಾಠ ಮತ್ತೊಂದಿಲ್ಲ. ನವನಗರದ ಕಾನೂನು ವಿದ್ಯಾರ್ಥಿಗಳಿಗೂ, ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಕೆ.ಎ.ಎಸ್.ಗೆ ಓದುವವರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬಿಡಿಸಿಟ್ಟಿದೆ.

ಅಪಹರಣಕ್ಕೆ ಮೊದಲೇ ಹಾಕಿದ ಬೆಲೆಪಟ್ಟಿ

ಒತ್ತೆ ಹಿಡಿಯುವವನು ಎಷ್ಟು ಕೇಳಬೇಕೆಂದು ಲೆಕ್ಕ ಹಾಕುವುದು ಹಿಂದಿನ ಸಲ ಯಾರಿಗೆ ಎಷ್ಟು ಸಿಕ್ಕಿತು ಎಂಬುದರ ಮೇಲೆ. 1989ರ ಡಿಸೆಂಬರ್ 8ರಂದು ಕೇಂದ್ರ ಗೃಹಸಚಿವ ಮುಫ್ತಿ ಮೊಹಮ್ಮದ್ ಸಯೀದ್ ಅವರ ಮಗಳು ರುಬೈಯಾ ಅಪಹರಣವಾಯಿತು. ಐದು ದಿನದಲ್ಲಿ ಐವರು ಉಗ್ರರ ಬಿಡುಗಡೆಯಾಯಿತು. ಆಗ ವಿ.ಪಿ. ಸಿಂಗ್ ಸರ್ಕಾರಕ್ಕೆ ವಯಸ್ಸು ಒಂದೇ ವಾರ.

ಹತ್ತು ವರ್ಷದ ಮೇಲೆ, 1999ರ ಡಿಸೆಂಬರ್ 24ರಂದು, ಕಾಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐ.ಸಿ. 814 ವಿಮಾನದ ಅಪಹರಣ. ವಿಮಾನ ಅಮೃತಸರದಲ್ಲಿ ಇಳಿದು ಮುಕ್ಕಾಲು ಗಂಟೆಯ ಆಸುಪಾಸು ನಿಂತಿತ್ತು. ತಡೆಯುವ ಆದೇಶ ಸ್ಥಳಕ್ಕೆ ತಲುಪಿ ಜಾರಿಯಾಗುವುದರೊಳಗೆ ಅದು ಮೇಲೇರಿತು. ಲಾಹೋರ್, ದುಬೈ ದಾಟಿ ಕಂದಹಾರ್ ಸೇರಿತು. 36 ಕೈದಿಗಳು ಮತ್ತು 20 ಕೋಟಿ ಡಾಲರ್‌ನಿಂದ ಶುರುವಾದ ಬೇಡಿಕೆ ಚೌಕಾಸಿಯಲ್ಲಿ ಮೂವರಿಗೆ ಇಳಿಯಿತು. ಡಿಸೆಂಬರ್ 31ರಂದು ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಕಂದಹಾರ್‌ಗೆ ಹೋದ ದಿನವೇ ಮಸೂದ್ ಅಜರ್ ಸೇರಿದಂತೆ ಮೂವರು ಕೈ ಬದಲಾದರು. ವಾಜಪೇಯಿ ಅವರ ಮನೆಯೆದುರು ಪ್ರಯಾಣಿಕರ ಬಂಧುಗಳು ಕುಳಿತು ಅತ್ತ ದೃಶ್ಯವನ್ನು ಟಿವಿಯಲ್ಲಿ ಕಂಡವರು ಆ ತೀರ್ಮಾನವನ್ನು ಸುಲಭವಾಗಿ ಬೈಯಲಾರರು. ಆದರೆ ಅದನ್ನು ಕಾಡಿನಲ್ಲಿ ಕೂತ ಇನ್ನೊಬ್ಬನೂ ಗಮನಿಸಿರಬೇಕು ಎಂದು ಭಾವಿಸುವುದು ತಪ್ಪಾಗದು. ಕಂದಹಾರ್ ಮತ್ತು ಗಾಜನೂರಿನ ನಡುವೆ ಇದ್ದದ್ದು ಏಳೇ ತಿಂಗಳು.

ರಾತ್ರಿ, ತೋಟದ ಮನೆ

2000ದ ಜುಲೈ 30, ಭಾನುವಾರ. ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದ ದೊಡ್ಡ ಗಾಜನೂರು. 71 ವರ್ಷದ ರಾಜ್‌ಕುಮಾರ್ ಹುಟ್ಟೂರಿನ ತೋಟದ ಮನೆಯಲ್ಲಿದ್ದರು. ರಾತ್ರಿ ಊಟವಾದ ಮೇಲೆ ವೀರಪ್ಪನ್ ಮತ್ತು ಸಂಗಡಿಗರು ಒಳಗೆ ನುಗ್ಗಿ ರಾಜ್ ಅವರನ್ನು, ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಅವರ ಜೊತೆ ಕರೆದೊಯ್ದರು. ಮುಖ್ಯಮಂತ್ರಿಗೆ ತಲುಪಿಸಬೇಕಾದ ಕ್ಯಾಸೆಟ್ ರಾಜ್ ಅವರ ಪತ್ನಿ ಪಾರ್ವತಮ್ಮನವರ ಕೈಗೆ ಬಂತು. ಮನೆಯ ಹೆಣ್ಣುಮಗಳು ನಡುರಾತ್ರಿ ಅದನ್ನು ಹಿಡಿದು ಬೆಂಗಳೂರಿಗೆ ಹೊರಟರು. ಹಣ ಕೇಳುವ ಬೆದರಿಕೆ ಬಂದರೆ ಮನೆಯವರು ಪೊಲೀಸರಿಗೆ ಕೊಡುತ್ತಾರೆ. ಇದನ್ನು ನೇರ ಮುಖ್ಯಮಂತ್ರಿಗೇ ಕೊಡಬೇಕೆಂದು ಹೇಳಿ ಕಳಿಸಿದ್ದರಲ್ಲೇ ಮಾತುಕತೆಯ ಮಟ್ಟ ನಿಗದಿಯಾಗಿತ್ತು.

ವೀರಪ್ಪನ್ ಅಲ್ಲಿಯವರೆಗೆ ದಂತಚೋರ, ಶ್ರೀಗಂಧದ ಕಳ್ಳ, ಕೊಲೆಗಾರ. 1992ರ ಆಗಸ್ಟ್ 14ರಂದು ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ಮೀಣ್ಯಂನಲ್ಲಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ಹೊಂಚುಹಾಕಿ ಕೊಂದಿದ್ದ. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತಿದ್ದರು. 2000ದ ಹೊತ್ತಿಗೆ ಆತನ ಜೊತೆ ತಮಿಳು ರಾಷ್ಟ್ರವಾದಿ ಉಗ್ರ ಗುಂಪಿನವರು ಸೇರಿದ್ದರು. ಹಾಗಾಗಿ ಈ ಸಲದ ಪಟ್ಟಿಯ ಭಾಷೆಯೇ ಬದಲಾಗಿತ್ತು.

ಬೇಡಿಕೆಗಳನ್ನು ಬಿಡಿಸಿ ನೋಡಿದಾಗ

ಮುಖ್ಯವಾದವು ಇವು: ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದಂತೆ 205 ಟಿ.ಎಂ.ಸಿ. ನೀರು, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ಕರ್ನಾಟಕದಲ್ಲಿ ತಮಿಳಿಗೆ ಎರಡನೇ ಆಡಳಿತ ಭಾಷೆಯ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ, ವೀರಪ್ಪನ್ ಹಿಡಿಯಲು ರಚಿಸಿದ್ದ ವಿಶೇಷ ಕಾರ್ಯಪಡೆಯ ದೌರ್ಜನ್ಯ ವಿಚಾರಿಸುತ್ತಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಕೆಲಸಕ್ಕೆ ಇದ್ದ ತಡೆ ತೆರವು, ನೀಲಗಿರಿಯ ಚಹಾ ಬೆಳೆಗಾರರಿಗೆ ಒಳ್ಳೆಯ ದರ, ತಮಿಳುನಾಡಿನ ಜೈಲಿನಲ್ಲಿದ್ದ ಐವರ ಬಿಡುಗಡೆ, ಮೈಸೂರು ಜೈಲಿನಲ್ಲಿದ್ದ 51 ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾನೂನು) ಕೈದಿಗಳ ಬಿಡುಗಡೆ.

ಇಂಥ ಪಟ್ಟಿ ಮೇಜಿನ ಮೇಲೆ ಬಂದಾಗ ಮೊದಲ ಕೆಲಸ ಪ್ರತಿ ಸಾಲಿನ ಎದುರು ಒಂದು ಪ್ರಶ್ನೆ ಬರೆಯುವುದು: ಇದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ? ಪ್ರತಿಮೆ ಸಂಪುಟದ ಕೈಯಲ್ಲಿತ್ತು. ಚಹಾದ ದರಕ್ಕೆ ಚೆನ್ನೈ ಮತ್ತು ದೆಹಲಿ ಬೇಕು. ನೀರು ನ್ಯಾಯಮಂಡಳಿಯದ್ದು, ಮೇಲೆ ಪ್ರಧಾನಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರದ್ದು. ಭಾಷೆ ಶಾಸನಸಭೆಯದ್ದು. ಕೊನೆಯದು ಕೋರ್ಟಿನದು. ಅಪಹರಣಕಾರನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅವನ ಕಣ್ಣಿಗೆ ಎಲ್ಲವೂ "ಸರ್ಕಾರ". ನಾಯಕನಿಗಾದರೂ ಕಾಣಲೇಬೇಕು. ಗಾಬರಿಯ ದಿನಗಳಲ್ಲಿ ಈ ವಿಂಗಡಣೆಯೇ ಮೊದಲು ಮಸುಕಾಗುತ್ತದೆ.

ಇಬ್ಬರು ಮುಖ್ಯಮಂತ್ರಿಗಳು ಹಿಡಿದ ದಾರಿ

ಸಂಘರ್ಷ ಬಗೆಹರಿಸುವ ಶಾಸ್ತ್ರದಲ್ಲಿ ಐದು ದಾರಿ ಹೇಳುತ್ತಾರೆ: ಬಲ ಹಾಕುವುದು, ತಪ್ಪಿಸಿಕೊಳ್ಳುವುದು, ಬಿಟ್ಟುಕೊಡುವುದು, ಅರ್ಧರ್ಧ ರಾಜಿಯಾಗುವುದು, ಮೂಲ ಕಾರಣಕ್ಕೇ ಕೈಹಾಕಿ ಕೂಡಿ ಬಗೆಹರಿಸುವುದು. ಪರೀಕ್ಷೆಯಲ್ಲಿ ಒಂದನ್ನು ಆರಿಸಿ ಟಿಕ್ ಹಾಕಬಹುದು. ನಿಜವಾದ ಬಿಕ್ಕಟ್ಟಿನಲ್ಲಿ ಐದೂ ಒಟ್ಟಿಗೆ ನಡೆಯುತ್ತವೆ, ಯಾವ ಬೇಡಿಕೆಗೆ ಯಾವುದನ್ನು ಹೊಂದಿಸಿದರು ಎಂಬುದೇ ಫಲಿತಾಂಶ.

ಎಸ್.ಎಂ. ಕೃಷ್ಣ ತಕ್ಷಣ ಚೆನ್ನೈಗೆ ಹಾರಿ ಕರುಣಾನಿಧಿ ಅವರನ್ನು ಕಂಡರು. ಕಾಡಿನ ಎರಡೂ ಬದಿಯ ಸರ್ಕಾರಗಳು ಒಂದೇ ಧ್ವನಿಯಲ್ಲಿ ಮಾತಾಡಬೇಕೆಂಬ ಆ ನಡೆ ಸರಿಯಾಗಿತ್ತು. ಅಪಹರಣ ತಮಿಳುನಾಡಿನ ನೆಲದಲ್ಲಿ, ಒತ್ತೆಯಾಳು ಕನ್ನಡಿಗರ ಕಣ್ಮಣಿ, ಬೆಂಗಳೂರಿನಲ್ಲಿ ಲಕ್ಷಾಂತರ ತಮಿಳರು. ರಾಜ್ ಅವರಿಗೆ ಏನಾದರೂ ಆಗಿದ್ದರೆ 1991 ಮರುಕಳಿಸುತ್ತಿತ್ತು ಎಂಬ ಭಯ ಸುಳ್ಳಲ್ಲ. ಅಷ್ಟು ದಿನ ರಾಜ್ಯದಲ್ಲಿ ಭಾಷೆಯ ಹೆಸರಿನಲ್ಲಿ ದೊಡ್ಡ ರಕ್ತಪಾತ ಆಗದಂತೆ ನೋಡಿಕೊಂಡಿದ್ದು ಸಣ್ಣ ಸಾಧನೆಯಲ್ಲ. ಇದನ್ನು ಹೇಳದೆ ಮುಂದಿನ ಟೀಕೆಗೆ ಹೋಗುವುದು ಅನ್ಯಾಯ.

ಮಾತುಕತೆಗೆ ತಮಿಳು ಪತ್ರಿಕೆ 'ನಕ್ಕೀರನ್' ಸಂಪಾದಕ ಆರ್. ಗೋಪಾಲ್ ಹೋದರು. ಹಲವು ಸಲ ಕಾಡಿಗೆ ಹೋಗಿ ಬಂದರು. ಕೊನೆಯ ಹಂತದಲ್ಲಿ ತಮಿಳು ರಾಷ್ಟ್ರವಾದಿ ನಾಯಕ ಪಿ. ನೆಡುಮಾರನ್ ಮತ್ತಿತರರು ಸೇರಿದರು. ಕ್ಯಾಸೆಟ್‌ಗಳಲ್ಲಿ ಬಂದ ರಾಜ್ ಅವರ ದನಿ ಎರಡು ಕೆಲಸ ಮಾಡಿತು. ಜೀವಂತ ಇದ್ದಾರೆಂಬ ಸಾಕ್ಷಿಯಾಯಿತು, ಶಾಂತಿ ಕಾಪಾಡಿ ಎಂಬ ಅವರ ಮಾತಿನಿಂದ ಜನ ತಣ್ಣಗಾದರು. ಕಾರ್ಯಪಡೆಯ ಕಾರ್ಯಾಚರಣೆ ನಿಂತಿತು. ಸೆಪ್ಟೆಂಬರ್ ಕೊನೆಗೆ ನಾಗಪ್ಪ ತಪ್ಪಿಸಿಕೊಂಡು ಬಂದರು. ಅಕ್ಟೋಬರ್‌ನಲ್ಲಿ ಗೋವಿಂದರಾಜು ಬಿಡುಗಡೆಯಾದರು.

ಇಲ್ಲಿ ಪೊಲೀಸ್ ತರಬೇತಿಯ ದೃಷ್ಟಿಯಿಂದ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮಧ್ಯಸ್ಥನಿಗೆ ಬರಹದಲ್ಲಿ ಮಿತಿ ಹಾಕಿಕೊಡಬೇಕು, ಯಾವ ಬೇಡಿಕೆಯ ಮೇಲೆ ಎಲ್ಲಿಯವರೆಗೆ ಮಾತಾಡಬಹುದು, ಯಾವುದನ್ನು ಕೇಳಿಸಿಕೊಂಡು ಮಾತ್ರ ಬರಬೇಕು ಎಂದು. ಎರಡನೆಯದು, ಕಾರ್ಯಾಚರಣೆ ನಿಲ್ಲಿಸುವುದೂ ಒಂದು ಕೊಡುಗೆಯೇ. ಅದನ್ನು ದಿನದ ಲೆಕ್ಕದಲ್ಲಿ, ಒಬ್ಬ ಒತ್ತೆಯಾಳಿನ ಬಿಡುಗಡೆಗೆ ಪ್ರತಿಯಾಗಿ ಕೊಡಬೇಕು, ಬಿಟ್ಟಿಯಾಗಿ ಅಲ್ಲ. ಮೂರನೆಯದು, ಬಂದ ಪ್ರತಿ ಕ್ಯಾಸೆಟ್ ಸಾಕ್ಷ್ಯ. ಯಾರು ತಂದರು, ಎಷ್ಟು ಗಂಟೆಗೆ ಯಾರ ಕೈಗೆ ಕೊಟ್ಟರು, ಯಾರೆದುರು ಸೀಲ್ ಆಯಿತು ಎಂಬ ಪಂಚನಾಮೆ ಅದೇ ದಿನ ಆಗಬೇಕು. 18 ವರ್ಷದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ, ಗೋಬಿಚೆಟ್ಟಿಪಾಳ್ಯಂ ಕೋರ್ಟ್ ಅಪಹರಣ ಪ್ರಕರಣದ ಒಂಬತ್ತು ಆರೋಪಿಗಳನ್ನು ಖುಲಾಸೆ ಮಾಡಿತು. ಆರೋಪ ಸಾಬೀತಾಗಲಿಲ್ಲ. ಮಾತುಕತೆಯ ದಿನಗಳಲ್ಲಿ ಎಲ್ಲರ ಗಮನ ಒಬ್ಬ ಮನುಷ್ಯನನ್ನು ಮನೆಗೆ ತರುವುದರ ಮೇಲಿರುತ್ತದೆ, ಇರಬೇಕು ಕೂಡ. ಆದರೆ ಒಬ್ಬ ಅಧಿಕಾರಿಗೆ, ಅವನಿಗೆ ಮಾತ್ರ, ಸಾಕ್ಷ್ಯದ ಕೆಲಸ ಒಪ್ಪಿಸಿರಬೇಕು.

51 ಜನ

ಪ್ರಕರಣದ ಗಂಟು ಇಲ್ಲಿದೆ. ಮೈಸೂರು ಜೈಲಿನಲ್ಲಿದ್ದ ಈ 51 ಮಂದಿ ಬಹುತೇಕ ಕಾಡಂಚಿನ ಬಡವರು. ಪಾಲಾರ್ ಸ್ಫೋಟ, ಮೀಣ್ಯಂ ಹೊಂಚುದಾಳಿ, ರಾಮಾಪುರ ಠಾಣೆಯ ಮೇಲಿನ ದಾಳಿ ಮುಂತಾದ ಪ್ರಕರಣಗಳಲ್ಲಿ ವೀರಪ್ಪನ್‌ಗೆ ನೆರವಾದರೆಂದು ಹಿಡಿದಿದ್ದರು. ಟಾಡಾ ಕಾನೂನಿನಡಿ ಜಾಮೀನು ಸಿಗುವುದು ತೀರಾ ಕಷ್ಟ. 1995ರ ಮೇ 23ರಂದು ಟಾಡಾ ಅವಧಿ ಮುಗಿದು ಕಾನೂನೇ ಇಲ್ಲವಾದರೂ ಹಳೆಯ ಕೇಸುಗಳು ಹಾಗೇ ನಡೆದವು. ಏಳು ವರ್ಷ ತೀರ್ಪಿಲ್ಲದೆ ಕಳೆದಿತ್ತು. ಮುಂದೆ 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಹೆಚ್ಚಿನವರು ನಿರ್ದೋಷಿಗಳೆಂದು ಹೊರಬಂದರು.

ಎಂದರೆ ಬೇಡಿಕೆಯಲ್ಲಿ ನ್ಯಾಯದ ಅಂಶವಿತ್ತು. ಆ ನ್ಯಾಯವನ್ನು ಕೊಡುವ ದಾರಿಗಳೂ ಇದ್ದವು: ದಿನವಹಿ ವಿಚಾರಣೆ, ಒಬ್ಬೊಬ್ಬರ ವಿರುದ್ಧದ ಸಾಕ್ಷ್ಯವನ್ನು ಬೇರೆ ಬೇರೆಯಾಗಿ ಪರಿಶೀಲಿಸಿ ಹುರುಳಿಲ್ಲದವರನ್ನು ಮೊದಲೇ ಬಿಡುವುದು. 1996ರಲ್ಲೋ 1998ರಲ್ಲೋ ಅಭಿಯೋಜಕರೇ (ಸರ್ಕಾರಿ ವಕೀಲರೇ) ಇದನ್ನು ಮಾಡಿದ್ದರೆ ವೀರಪ್ಪನ್‌ನ ಪಟ್ಟಿಯಿಂದ ಅತಿ ಬಲವಾದ ಸಾಲು ಅಳಿಸಿಹೋಗುತ್ತಿತ್ತು. ಬಂದೂಕು ಕೇಳುವವರೆಗೆ ಕಾಯ್ದು, ಬಂದೂಕು ಕೇಳಿದಾಗ 51 ಜನರನ್ನೂ ಒಂದೇ ಗಂಟಿನಲ್ಲಿ ಬಿಡಲು ಹೊರಟದ್ದೇ ಈ ಪ್ರಕರಣದ ಅತಿ ದೊಡ್ಡ ತಪ್ಪು ಎಂದು ನಮ್ಮ ಅಭಿಪ್ರಾಯ. ನಿರ್ದೋಷಿಗೆ ಸಲ್ಲಬೇಕಾದದ್ದು ಒತ್ತೆಯಾಳಿನ ಬೆಲೆಯಾಗಿ ಬದಲಾಯಿತು. ಹಾಗಾದ ಕೂಡಲೇ ಕೋರ್ಟಿಗೆ ಅದನ್ನು ಒಪ್ಪುವುದು ಕಷ್ಟವಾಯಿತು.

ಅರ್ಜಿಯನ್ನು ಹತ್ತಿರದಿಂದ

ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 321 ಚಿಕ್ಕದು. ಪ್ರಕರಣದ ಹೊಣೆ ಹೊತ್ತ ಸರ್ಕಾರಿ ಅಭಿಯೋಜಕರು, ನ್ಯಾಯಾಲಯದ ಸಮ್ಮತಿಯೊಂದಿಗೆ, ತೀರ್ಪು ಹೇಳುವ ಮೊದಲು ಯಾವಾಗ ಬೇಕಾದರೂ ಅಭಿಯೋಜನೆಯಿಂದ ಹಿಂದೆ ಸರಿಯಬಹುದು. ಇಡೀ ಪ್ರಕರಣದಿಂದಲೂ ಸರಿಯಬಹುದು, ಕೆಲವು ಆರೋಪಗಳಿಂದ ಮಾತ್ರವೂ ಸರಿಯಬಹುದು. ದೋಷಾರೋಪ ಹೊರಿಸುವ ಮೊದಲಾದರೆ ಆರೋಪಿ ಬಿಡುಗಡೆ, ಆಮೇಲಾದರೆ ಖುಲಾಸೆ. ಈ ವ್ಯತ್ಯಾಸ ಹುಡುಗಾಟದ್ದಲ್ಲ. ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯಲು ಬರುವುದಿಲ್ಲ. ವಾಕ್ಯದ ಕರ್ತೃ ಯಾರೆಂದು ನೋಡಿ: ಮುಖ್ಯಮಂತ್ರಿಯಲ್ಲ, ಸಂಪುಟವಲ್ಲ, ಗೃಹ ಇಲಾಖೆಯಲ್ಲ. ಅಭಿಯೋಜಕರು.

ಮೈಸೂರಿನಲ್ಲಿ ಇದನ್ನು ಎರಡು ಮೆಟ್ಟಿಲಿನಲ್ಲಿ ಮಾಡಿದರು. ಮೊದಲು ಟಾಡಾ ಕಾನೂನಿನ ಆರೋಪಗಳನ್ನು ಮಾತ್ರ ಹಿಂಪಡೆಯಲು ಅರ್ಜಿ. ಅದು ಹೋದರೆ ಉಳಿಯುವುದು ಭಾರತೀಯ ದಂಡ ಸಂಹಿತೆ, ಆಯುಧ ಕಾಯ್ದೆ, ಸ್ಫೋಟಕ ಕಾಯ್ದೆಯ ಆರೋಪಗಳು. ಅವಕ್ಕೆ ಜಾಮೀನು ಕೇಳಬಹುದು, ಅಭಿಯೋಜಕರು ಆಕ್ಷೇಪಿಸದಿದ್ದರೆ ಸಿಗಲೂಬಹುದು. ಕಾಗದದ ಮೇಲೆ ಕೇಸು ಉಳಿಯುತ್ತದೆ, ಜೈಲಿನಲ್ಲಿ ಜನ ಉಳಿಯುವುದಿಲ್ಲ. 2000ದ ಆಗಸ್ಟ್ 19ರಂದು ವಿಶೇಷ ನ್ಯಾಯಾಲಯ ಮೊದಲ ಅರ್ಜಿಗೆ ಒಪ್ಪಿತು. ತಿಂಗಳ ಕೊನೆಗೆ ಜಾಮೀನಿನ ಆದೇಶವೂ ಆಯಿತು. ಅಪಹರಣವಾಗಿ ಒಂದು ತಿಂಗಳೂ ಆಗಿರಲಿಲ್ಲ. ಏಳು ವರ್ಷ ತೆವಳಿದ ಕಡತ ನಾಲ್ಕು ವಾರದಲ್ಲಿ ಓಡಿತು.

ಆಗ ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ. ಮೀಣ್ಯಂನಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಇವರ ಮಗ. ಇಡೀ ರಾಜ್ಯ ಒಬ್ಬರ ಬಿಡುಗಡೆಗಾಗಿ ದೇವರಿಗೆ ಕೈಮುಗಿದು ಕೂತಿದ್ದಾಗ, ಅದಕ್ಕೆ ಅಡ್ಡ ಬಂದವರು ಎಂಬ ಮಾತು ಕೇಳಬೇಕಾದೀತೆಂದು ಗೊತ್ತಿದ್ದೂ ಅವರು ಅರ್ಜಿ ಹಾಕಿದರು. ಸುಪ್ರೀಂ ಕೋರ್ಟ್ ಬಿಡುಗಡೆಗೆ ತಡೆ ಕೊಟ್ಟಿತು. ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ನೇತೃತ್ವದ ಪೀಠ ಮೈಸೂರಿನ ಆದೇಶಗಳನ್ನು ರದ್ದುಗೊಳಿಸಿತು.

ತೀರ್ಪಿನ ಸಾರವನ್ನು ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಸರ್ಕಾರ ಅಭಿಯೋಜಕರಿಗೆ ಸಲಹೆ ಕೊಡಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅಭಿಯೋಜಕರು ಸಾಮಗ್ರಿಯನ್ನೆಲ್ಲ ತಾವೇ ನೋಡಿ, ಇದು ಸಾರ್ವಜನಿಕ ಹಿತಕ್ಕೆ ಎಂದು ತಾವೇ ಮನಗಂಡಿರಬೇಕು. ನ್ಯಾಯಾಲಯ ಅವರು ಹಾಗೆ ಮನಗಂಡಿದ್ದಾರೆಯೇ, ಸದುದ್ದೇಶದಿಂದ ಮಾಡಿದ್ದಾರೆಯೇ, ಇದರಿಂದ ನ್ಯಾಯದ ದಾರಿ ತಪ್ಪುವುದೇ ಎಂದು ಪರೀಕ್ಷಿಸಬೇಕು. ಈ ಪ್ರಕರಣದಲ್ಲಿ ಆ ಎರಡೂ ಪರೀಕ್ಷೆ ಸರಿಯಾಗಿ ನಡೆದಿರಲಿಲ್ಲ. ಬಿಡುಗಡೆಯಾದವರು ಮತ್ತೆ ಕಾಡು ಸೇರಿದರೆ ಏನು, ಇವರನ್ನು ಬಿಟ್ಟರೆ ರಾಜ್‌ಕುಮಾರ್ ನಿಜಕ್ಕೂ ಬರುತ್ತಾರೆಂಬ ಖಾತ್ರಿ ಎಲ್ಲಿದೆ, ಇದರಿಂದ ಪೊಲೀಸರ ನೈತಿಕ ಸ್ಥೈರ್ಯಕ್ಕೆ, ಕಾನೂನಿನ ಆಡಳಿತಕ್ಕೆ ಏನಾಗುತ್ತದೆ ಎಂಬುದನ್ನು ಸರ್ಕಾರ ತೂಗಿ ನೋಡಿದ್ದಕ್ಕೆ ಕಡತದಲ್ಲಿ ಆಧಾರವಿರಲಿಲ್ಲ. ಗಲಭೆಯ ಭಯ ನಿಜವಿರಬಹುದು, ಅದೊಂದೇ ಸಾಲದು.

ನವೆಂಬರ್ 7ರಿಂದ 15

ಈಗ ನೀತಿಯ ವಿದ್ಯಾರ್ಥಿಗೆ ಅತಿ ಮುಖ್ಯವಾದ ಎಂಟು ದಿನ. ಮುಖ್ಯ ಬೇಡಿಕೆಗೆ ದೇಶದ ಅತ್ಯುನ್ನತ ನ್ಯಾಯಾಲಯ ಬಾಗಿಲು ಹಾಕಿತು. ಅಪಹರಣಕಾರ ಸಿಟ್ಟಿಗೆದ್ದು ಕೊಲ್ಲುತ್ತಾನೆಂಬ ಭಯವೇ ಅಷ್ಟು ದಿನ ಎಲ್ಲ ರಿಯಾಯಿತಿಗಳ ಹಿಂದಿದ್ದ ವಾದ. ಕೊಲೆಯಾಗಲಿಲ್ಲ. ನವೆಂಬರ್ 15ರಂದು, 108ನೇ ದಿನಕ್ಕೆ, ರಾಜ್‌ಕುಮಾರ್ ಮನೆಗೆ ಬಂದರು. 51 ಜನ ಜೈಲಿನಲ್ಲೇ ಇದ್ದರು.

ದೊಡ್ಡ ಮೊತ್ತದ ಹಣ ಹೋಯಿತು ಎಂಬ ಆರೋಪ ಆಮೇಲೆ ಬಂತು, ಸರ್ಕಾರ ಅಲ್ಲಗಳೆಯಿತು. ಆ ಚರ್ಚೆಯಲ್ಲಿ ಸಿಕ್ಕಿಕೊಂಡವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕೈದಿಗಳ ಬಿಡುಗಡೆಯಿಲ್ಲದೆಯೇ ಒತ್ತೆಯಾಳು ಬಂದರು. ಅಂದಮೇಲೆ ಆಗಸ್ಟ್‌ನಲ್ಲಿ ಅದನ್ನು ಮೊದಲ ಕೊಡುಗೆಯಾಗಿ ಮೇಜಿನ ಮೇಲಿಟ್ಟದ್ದು ಅವಸರ. ಮಾತುಕತೆಯಲ್ಲಿ ನ್ಯಾಯಾಲಯ ಸರ್ಕಾರದ ಶತ್ರುವಲ್ಲ, ಅದು ಸರ್ಕಾರದ ಕೈಯಲ್ಲಿರುವ ಒಳ್ಳೆಯ ಗೋಡೆ. "ಇದು ನನ್ನ ಕೈಯಲ್ಲಿಲ್ಲ" ಎಂದು ನಾಯಕ ಪ್ರಾಮಾಣಿಕವಾಗಿ ಹೇಳಬಹುದಾದ ಜಾಗ. ಹೇಳಬೇಕಾದದ್ದು ಮೊದಲ ದಿನ. ಒಮ್ಮೆ ಕೊಡುತ್ತೇನೆ ಎಂದು ಹೇಳಿ, ಒಂದು ತಿಂಗಳಾದ ಮೇಲೆ ಕೋರ್ಟ್ ಬಿಡಲಿಲ್ಲ ಎಂದರೆ ಎದುರಿಗಿರುವವನಿಗೆ ಮೋಸದಂತೆ ಕಾಣುತ್ತದೆ, ಒತ್ತೆಯಾಳಿನ ಜೀವಕ್ಕೆ ಅದೇ ಅಪಾಯ.

ನೀತಿ ಎಲ್ಲೆಲ್ಲಿ ಬದಲಾಯಿತು

2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕೊಳ್ಳೇಗಾಲ ತಾಲ್ಲೂಕಿನ ಕಾಮಗೆರೆಯಿಂದ ವೀರಪ್ಪನ್ ಅಪಹರಿಸಿದ. ಡಿಸೆಂಬರ್ 8ರಂದು ಅವರ ಶವ ಸಿಕ್ಕಿತು. ಕೈದಿಗಳನ್ನು ಬಿಡುವ ದಾರಿ ಈ ಸಲ ಕಿರಿದಾಗಿತ್ತು. ಇದನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬೆಲೆ ಎನ್ನುವವರಿದ್ದಾರೆ. 108 ದಿನಗಳಲ್ಲಿ ಕಲಿಸಿದ ಪಾಠದ ಬೆಲೆ ಎನ್ನುವವರೂ ಇದ್ದಾರೆ. ದೊಡ್ಡವರನ್ನು ಹಿಡಿದರೆ ಸರ್ಕಾರ ಕಾಡಿಗೆ ಬರುತ್ತದೆ ಎಂದು ಕಲಿಸಿದ್ದು ಆ ದಿನಗಳೇ. ಎರಡನೆಯದರಲ್ಲಿ ಹೆಚ್ಚು ಹುರುಳಿದೆ ಎನಿಸುತ್ತದೆ, ಆದರೆ ಕಾಮಗೆರೆಯ ಆ ಮನೆಯವರ ಮುಂದೆ ನಿಂತು ಖಡಾಖಂಡಿತವಾಗಿ ಹೇಳುವ ಮಾತಲ್ಲ ಅದು.

ಕೊನೆಗೆ ಕೆಲಸ ಮಾಡಿದ್ದು ಗುಪ್ತ ಮಾಹಿತಿ ಮತ್ತು ತಾಳ್ಮೆ. ತಮಿಳುನಾಡು ಕಾರ್ಯಪಡೆಯ ಕೆ. ವಿಜಯಕುಮಾರ್ ನೇತೃತ್ವದಲ್ಲಿ, ಕಣ್ಣಿನ ಚಿಕಿತ್ಸೆಗೆಂದು ಕಾಡಿನಿಂದ ಹೊರಬಂದ ವೀರಪ್ಪನ್‌ನನ್ನು ಪೊಲೀಸರದೇ ಆಂಬುಲೆನ್ಸ್‌ನಲ್ಲಿ ಕರೆತಂದು, 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿಯ ಬಳಿ ಗುಂಡಿಕ್ಕಿದರು. ದೆಹಲಿಯಲ್ಲಿ ಕಂದಹಾರ್‌ನ ಪಾಠವನ್ನು ಬರಹಕ್ಕೆ ಇಳಿಸಲು 2005ರವರೆಗೆ ಬೇಕಾಯಿತು. ಆ ವರ್ಷದ ವಿಮಾನ ಅಪಹರಣ ತಡೆ ನೀತಿಯಲ್ಲಿ ಉಗ್ರರ ಬೇಡಿಕೆಗೆ ಮಣಿಯುವುದಿಲ್ಲವೆಂಬ ನಿಲುವೂ, ವಿಮಾನವನ್ನೇ ಅಸ್ತ್ರವಾಗಿ ಬಳಸುವ ಅಪಾಯವಿದ್ದರೆ ಹೊಡೆದುರುಳಿಸುವ ಅಧಿಕಾರವೂ ಬಂತು. 2016ರಲ್ಲಿ ಹೊಸ ಕಾಯ್ದೆಯಾಯಿತು. ಬಿಕ್ಕಟ್ಟಿನ ಮಧ್ಯದಲ್ಲಿ ನಾಯಕನ ಸ್ವಭಾವದಿಂದ ಹೊರಟ ತೀರ್ಮಾನಗಳು, ಬಿಕ್ಕಟ್ಟು ಮುಗಿದ ಮೇಲೆ ನಿಯಮಗಳಾಗುವುದು ಹೀಗೆ.

ಉಳಿದ ಬೇಡಿಕೆಗಳಲ್ಲಿ ಎರಡರ ಗತಿ ಹೇಳಲೇಬೇಕು. ಸದಾಶಿವ ಸಮಿತಿಯ ಕೆಲಸ ಮುಂದುವರಿಯಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕಾರ್ಯಪಡೆಯಿಂದ ನೊಂದ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಇನ್ನು ಹಲಸೂರಿನಲ್ಲಿ 1991ರಿಂದ ಬಟ್ಟೆ ಸುತ್ತಿಕೊಂಡು ನಿಂತಿದ್ದ ತಿರುವಳ್ಳುವರ್ ಪ್ರತಿಮೆ. 2009ರ ಆಗಸ್ಟ್ 9ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, ಕರುಣಾನಿಧಿ ಅವರ ಸಮ್ಮುಖದಲ್ಲಿ ಅದು ಅನಾವರಣಗೊಂಡಿತು. ನಾಲ್ಕು ದಿನದ ಮೇಲೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ. ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಅಬಲೂರು ತನ್ನವನೆಂದು ಎದೆತಟ್ಟಿ ಹೇಳುವ ಕವಿ ತಮಿಳರ ನಗರದಲ್ಲಿ ಹೋಗಿ ನಿಂತ. ಬಂದೂಕಿನ ಮುಂದೆ ಸೋಲಿನಂತೆ ಕಾಣುತ್ತಿದ್ದ ಸಂಗತಿ, ಎರಡು ಸರ್ಕಾರಗಳು ಕೊಡು-ಕೊಳ್ಳುವಿಕೆಯಾಗಿ ಮಾಡಿದಾಗ ಊರ ಹಬ್ಬವಾಯಿತು. ಆಗಲೂ ವಿರೋಧವಿತ್ತು, ಆದರೆ ಯಾರ ಜೀವವೂ ಪಣಕ್ಕಿರಲಿಲ್ಲ.

ಹುಬ್ಬಳ್ಳಿಯ ಕಡತಕ್ಕೆ ಮರಳಿ

2022ರ ಆ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ಬಿದ್ದವು, ಪೊಲೀಸರು ಗಾಯಗೊಂಡರು, ವಾಹನಗಳು ಜಖಂ ಆದವು. ಬಹಳ ಜನರನ್ನು ಹಿಡಿದರು. ಅಷ್ಟು ಜನರಲ್ಲಿ ಗುಂಪಿನ ಹಿಂದೆ ನಿಂತವನೂ ಇರಬಹುದು, ಕಲ್ಲು ಎತ್ತಿದವನೂ ಇರಬಹುದು. ಮೈಸೂರಿನ 51 ಜನರ ಹಾಗೆ. ಸರ್ಕಾರಕ್ಕೆ ಊರಿನಲ್ಲಿ ಸೌಹಾರ್ದ ಬೇಕೆನಿಸುವುದು ತಪ್ಪಲ್ಲ. ಆದರೆ ಇಡೀ ಪ್ರಕರಣವನ್ನು ಸಂಪುಟದ ಒಂದು ಸಾಲಿನಲ್ಲಿ ಮುಗಿಸಲು ಹೊರಟರೆ ನಿರಪರಾಧಿಗೂ ಲಾಭವಿಲ್ಲ. ಹೈಕೋರ್ಟಿನಲ್ಲಿ ಸರ್ಕಾರದ ಆದೇಶ ರದ್ದಾದ ಮೇಲೆ ಅವನೂ ಮೊದಲಿನಂತೆ ತಾರೀಖಿಗೆ ಬರಬೇಕು.

ಅಭಿಯೋಜಕರ ಮೇಜಿಗೆ ಇಂಥ ಕಡತ ಬಂದಾಗ ಮಾಡಬೇಕಾದ ಕೆಲಸ ನಿಧಾನದ್ದು. ದೋಷಾರೋಪ ಪಟ್ಟಿಯನ್ನು ಆರೋಪಿವಾರು ಬಿಡಿಸಬೇಕು: ಇವನ ವಿರುದ್ಧ ಸಿ.ಸಿ.ಟಿ.ವಿ. ದೃಶ್ಯವಿದೆಯೇ, ಮೊಬೈಲ್ ಟವರ್ ದಾಖಲೆ ಮಾತ್ರವೇ, ಗುರುತು ಹಿಡಿದ ಸಾಕ್ಷಿ ಯಾರು. ಆಮೇಲೆ ಕಲಂವಾರು: ಯು.ಎ.ಪಿ.ಎ. ಹಚ್ಚಲು ಬೇಕಾದ ಮಂಜೂರಾತಿ, ಅಂಶಗಳು ಇವನ ಮಟ್ಟಿಗೆ ಇವೆಯೇ. ಕಲಂ 321ರ ಪರಂತುಕವನ್ನು (ಕಲಂಗೆ ಸೇರಿಸಿದ ಷರತ್ತನ್ನು) ನೋಡಬೇಕು. ಕೇಂದ್ರದ ಕಾರ್ಯಾಧಿಕಾರಕ್ಕೆ ಸೇರಿದ ವಿಷಯದ ಕಾನೂನಾಗಿದ್ದರೆ ರಾಜ್ಯದ ಅಭಿಯೋಜಕರಿಗೆ ಕೇಂದ್ರದ ಅನುಮತಿ ಬೇಕು, ಆ ಅನುಮತಿಯನ್ನು ಕೋರ್ಟಿಗೆ ತೋರಿಸಬೇಕು. ಎಸ್.ಪಿ. ಅಥವಾ ಕಮಿಷನರ್ ವರದಿ, ಪರವಾಗಿ ಇರಲಿ ವಿರೋಧವಾಗಿ ಇರಲಿ, ಕಡತದಲ್ಲಿರಬೇಕು. ಮುಚ್ಚಿಟ್ಟ ವಿರೋಧದ ವರದಿ ಮುಂದೆ ರಿಟ್ ಅರ್ಜಿಯಲ್ಲಿ ಹೊರಬಂದೇ ಬರುತ್ತದೆ. ಎಲ್ಲ ಓದಿದ ಮೇಲೆ ಅಭಿಯೋಜಕರು ತಮ್ಮದೇ ಮಾತಿನಲ್ಲಿ ಕಾರಣ ಬರೆಯಬೇಕು. "ಸರ್ಕಾರದ ಆದೇಶ ಸಂಖ್ಯೆ ಇಂತಿಷ್ಟರಂತೆ" ಎಂದು ಶುರುವಾಗಿ ಅಲ್ಲೇ ಮುಗಿಯುವ ಅರ್ಜಿ, ಕರೀಂ ಪ್ರಕರಣದ ತೀರ್ಪಿನ ಮುಂದೆ ಒಂದು ನಿಮಿಷ ನಿಲ್ಲುವುದಿಲ್ಲ. ಮೂವರ ವಿರುದ್ಧ ಏನೂ ಇಲ್ಲವೆಂದರೆ ಆ ಮೂವರಿಗೆ ಮಾತ್ರ ಅರ್ಜಿ ಹಾಕಲಿ. ಅದು ನಿಲ್ಲುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ನಿಯಮ ಕಲಂ 360 ಆಗಿದೆ. ಅದಕ್ಕೆ ಒಂದು ಹೊಸ ಪರಂತುಕ ಸೇರಿದೆ: ಸಂತ್ರಸ್ತರ ಅಹವಾಲು ಕೇಳದೆ ನ್ಯಾಯಾಲಯ ವಾಪಸಾತಿಗೆ ಸಮ್ಮತಿಸುವಂತಿಲ್ಲ. ಸಂತ್ರಸ್ತ ಎಂಬ ಪದದಲ್ಲಿ ವಾರಸುದಾರರೂ ಸೇರುತ್ತಾರೆ. ಆ ದಿನಾಂಕಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಕೇಸುಗಳು ಹಳೆಯ ಸಂಹಿತೆಯಂತೆಯೇ ನಡೆಯುತ್ತವೆ. ಹಾಗಾಗಿ ಹೊಸ ಪ್ರಕರಣಗಳಲ್ಲಿ ಅಭಿಯೋಜಕರು ಅರ್ಜಿಯ ಜೊತೆ ಗಾಯಗೊಂಡ ಪೇದೆಗಳ, ಸತ್ತವರ ಮನೆಯವರ, ಗಾಜು ಒಡೆದ ಆಟೋದ ಮಾಲೀಕರ ವಿಳಾಸಗಳ ಪಟ್ಟಿಯನ್ನೂ, ಅವರಿಗೆ ನೋಟಿಸ್ ಮುಟ್ಟಿದ ರಸೀದಿಯನ್ನೂ ಲಗತ್ತಿಸಬೇಕು. 2000ದಲ್ಲಿ ಈ ಸಾಲು ಕಾನೂನಿನಲ್ಲಿದ್ದಿದ್ದರೆ ಮೈಸೂರಿನ ನ್ಯಾಯಾಲಯ ಆಗಸ್ಟ್ 19ಕ್ಕೆ ಮೊದಲು ನೋಟಿಸ್ ಕಳಿಸಬೇಕಾಗಿದ್ದ ವಿಳಾಸಗಳಲ್ಲಿ ಅಬ್ದುಲ್ ಕರೀಂ ಅವರದೂ ಒಂದು.